ಒಂಬತ್ತನೆಯ ಮುಳ್ಳು

ಸೋಮವಾರ, ಅಕ್ಟೋಬರ್ ಹದಿಮೂರು. ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಸ್ಥಳ: ಕಲಬುರಗಿಯ ಐವಾನ್-ಎ-ಶಾಹಿಯಲ್ಲಿರುವ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು: ನಾನು, ಪತ್ರಿಕೆಯ ಹಿಂದೆ ನಮ್ಮವರು, ಒಲೆಯ ಮೇಲೆ ಒಂದು ಲೀಟರ್ ಹಾಲು.

ಹೀಗೆ ಬರೆಯುವುದು ನನಗೆ ಅಂಟಿದ ಚಟ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ದಿನಚರಿ ತುಂಬಿದ ಕೈ ಇದು. ನಿವೃತ್ತಿಯಾಗಿ ಎಂಟು ವರ್ಷ ಕಳೆದರೂ ಪೆನ್ನು ಹಿಡಿದರೆ ಮೊದಲು ವೇಳೆ, ಆಮೇಲೆ ಹಾಜರಿ, ಆಮೇಲೆ ಮಾತು. "ನೀ ಉಪ್ಪಿಟ್ಟಿಗೆ ಒಗ್ಗರಣಿ ಹಾಕಿದ್ದೂ ರಿಜಿಸ್ಟರಿನಾಗ ಬರೀತಿ" ಎಂದು ನಮ್ಮವರು ಹಾಸ್ಯ ಮಾಡುತ್ತಾರೆ. ಬರೆಯುವುದಿಲ್ಲ. ಆದರೆ ಬರೆದರೆ ಏನು ತಪ್ಪು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ದೀಪಾವಳಿಗೆ ಒಂದು ವಾರ ಇರುವಾಗ ಕಪಾಟು ಸ್ವಚ್ಛ ಮಾಡುವುದು ನಮ್ಮಲ್ಲಿ ಪದ್ಧತಿ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಭಾನುವಾರ ಸಂಜೆ ನಾಲ್ಕನೆಯ ಖಾನೆಗೆ ಬಂದಾಗ ಒಂದು ರಟ್ಟಿನ ಡಬ್ಬಿ ಕೈಗೆ ಬಂತು. ಮೇಲೆ ನನ್ನದೇ ಅಕ್ಷರದಲ್ಲಿ 'ಇತರೆ' ಎಂದು ಬರೆದಿತ್ತು. ಎಲ್ಲದಕ್ಕೂ ಹೆಸರು ಅಂಟಿಸುವ ಹೆಂಗಸಿನ ಮನೆಯಲ್ಲಿ ಒಂದು 'ಇತರೆ' ಡಬ್ಬಿ ಇದ್ದೇ ಇರುತ್ತದೆ. ಯಾವುದಕ್ಕೆ ಜಾಗ ತೋಚುವುದಿಲ್ಲವೋ ಅದು ಅಲ್ಲಿಗೆ. ನಿವೃತ್ತಿಯ ದಿನ ಆಫೀಸಿನ ಮೇಜಿನ ಖಾನೆಯನ್ನು ಹಾಗೆಯೇ ಬೋರಲು ಹಾಕಿಕೊಂಡು ತಂದ ಡಬ್ಬಿ ಅದು. ತೆರೆದಿರಲಿಲ್ಲ.

ಒಳಗೆ ಸವೆದ ಪೆನ್ಸಿಲ್ಲು, ಖಾಲಿ ಜಾಬ್ ಕಾರ್ಡುಗಳ ಒಂದು ಕಟ್ಟು, ಮತ್ತು ಮೇಣ ಹಚ್ಚಿ ಮುಚ್ಚಿದ ಒಂದು ಲಕೋಟೆ. ಲಕೋಟೆಯ ಮೇಲೆ: "ವಶಪಡಿಸಿಕೊಂಡ ವಸ್ತು. ಹಿತ್ತಾಳೆ ಬಿಲ್ಲೆ, ನಗ ಎರಡು. ಖಾನಗಿ ಕೆಲಸ."

ಖಾನಗಿ ಕೆಲಸ ಎಂದರೆ ಕಂಪನಿಯ ಯಂತ್ರದ ಮೇಲೆ, ಕಂಪನಿಯ ವೇಳೆಯಲ್ಲಿ, ಸ್ವಂತದ ಕೆಲಸ. ಯಾವ ಕಾರ್ಖಾನೆಯಲ್ಲೂ ಇದು ಇರುತ್ತದೆ. ಒಬ್ಬನ ಸೈಕಲ್ಲಿನ ಬುಶ್ಶು, ಇನ್ನೊಬ್ಬನ ಮಗಳ ಅಂಗಿಗೆ ಗುಂಡಿ, ಮತ್ತೊಬ್ಬನ ಒಳಕಲ್ಲಿಗೆ ಕಬ್ಬಿಣದ ಬಳೆ. ನನ್ನ ಟೂಲ್‌ರೂಮಿನಲ್ಲಿ ಮಾತ್ರ ಇರಕೂಡದು ಎಂದು ನಾನು ಗೋಡೆಯ ಮೇಲೆ ಬರೆಸಿದ್ದೆ.

ಲಕೋಟೆ ಒಡೆದೆ. ಎರಡೂ ಚಕ್ಕುಲಿ ಒತ್ತುವ ಒರಳಿನ ಬಿಲ್ಲೆಗಳು. ಒಂದು ಹೊಸದು, ನಡುವೆ ನಕ್ಷತ್ರದ ತೂತು. ಇನ್ನೊಂದು ಹಳೆಯದು, ಎಣ್ಣೆಯ ಜಿಡ್ಡಿನಿಂದ ಕಪ್ಪಾದದ್ದು. ಅದರ ನಕ್ಷತ್ರ ಸವೆದು ಸವೆದು ಹೆಚ್ಚುಕಡಿಮೆ ದುಂಡಗಾಗಿತ್ತು. ಸ್ವಚ್ಛ ಮಾಡುವ ವಾರವಾದ್ದರಿಂದ ಹಳೆಯದನ್ನು ರಾತ್ರಿಯೇ ಹುಣಸೆ ನೀರಿನಲ್ಲಿ ಹಾಕಿಟ್ಟೆ. ಸೋಮವಾರ ಬೆಳಿಗ್ಗೆ, ಮೇಲೆ ಹೇಳಿದ ವೇಳೆಗೆ, ಅದನ್ನು ತೆಗೆದು ಬೆರಳಿನಿಂದ ಉಜ್ಜಿದೆ. ಹಿಂಬದಿಯಲ್ಲಿ ಚುಕ್ಕೆಗಳು ಕಾಣಿಸಿದವು. ಇನ್ನೂ ಉಜ್ಜಿದೆ. ಚುಕ್ಕೆಗಳು ಸೇರಿ ಅಕ್ಷರವಾದವು.

ಸೌ. ಇಂದಿರಾ.

ನನ್ನ ತಾಯಿಯ ಹೆಸರು.

"ಸುಧಾ, ಹಾಲು" ಎಂದರು ನಮ್ಮವರು.

ನನಗೆ ಕೇಳಿಸಿತು. ಕೈ ಮಾತ್ರ ಏಳಲಿಲ್ಲ.

"ಸುಧಾ, ಹಾಲು ಉಕ್ಕಲಿಕ್ಹತ್ತದ!"

ಉಕ್ಕಿತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಒಲೆಯ ಮೇಲೆ ಹಾಲು ಉಕ್ಕಿದ್ದು ಅದೇ ಮೊದಲು. ನಮ್ಮವರು ಪತ್ರಿಕೆ ಕೆಳಗಿಟ್ಟು ಗಾಬರಿಯಿಂದ ನೋಡಿದರು. ಹಾಲನ್ನಲ್ಲ, ನನ್ನನ್ನು.

ನಮ್ಮ ಕಾಲದ ಓದುಗರಿಗೆ ಆ ಚುಕ್ಕೆಗಳ ಬಗ್ಗೆ ಹೇಳಬೇಕಾಗಿಲ್ಲ. ಮದುವೆಯಲ್ಲಿ ಬಂದ ಪಾತ್ರೆಗೆಲ್ಲ ಹೆಸರು ಕೊರೆಸುವುದಿತ್ತು. ಬ್ರಹ್ಮಪುರದ ನಮ್ಮ ಓಣಿಗೆ ಒಬ್ಬ ಬರುತ್ತಿದ್ದ. ಕಟ್ಟೆಯ ಮೇಲೆ ಕೂತು ಸಣ್ಣ ಉಳಿ, ಸಣ್ಣ ಸುತ್ತಿಗೆ ಇಟ್ಟುಕೊಂಡು ಟಿಕ್ ಟಿಕ್ ಎಂದು ಒಂದೊಂದೇ ಚುಕ್ಕೆ ಹೊಡೆಯುತ್ತಿದ್ದ. ಪಾತ್ರೆ ಮಂದಿಯ ಮನೆಯ ಮುಂಜಿವೆ ಮದುವೆಗೆ ಹೋದರೆ ತಿರುಗಿ ತನ್ನ ಮನೆಗೇ ಬರಲಿ ಎಂದು ಆ ಹೆಸರು. ಆಯಿ ಕೊಳಗಕ್ಕೂ ಕೊರೆಸಿದ್ದಳು, ಚಮಚೆಗೂ ಕೊರೆಸಿದ್ದಳು. ಚಕ್ಕುಲಿ ಬಿಲ್ಲೆಗೂ ಕೊರೆಸಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ನಾನು ಒಮ್ಮೆಯಾದರೂ ಚಕ್ಕುಲಿ ಒರಳು ಮುಟ್ಟಿರಬೇಕಿತ್ತು.

ಆಯಿ ಎಂದೆ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡದ ಮನೆ. ಬೈಯುವುದು ಮರಾಠಿಯಲ್ಲಿ, ಮುದ್ದು ಮಾಡುವುದು ಕನ್ನಡದಲ್ಲಿ. ಅಪ್ಪ ಶಾಲೆಯ ಡ್ರಿಲ್ ಮಾಸ್ತರ. ಸೀಟಿ ಮನೆಯಲ್ಲಿ ಊದುತ್ತಿರಲಿಲ್ಲ ಎಂಬುದೊಂದು ಪುಣ್ಯ. ಗೋಡೆಗೆ ಮೊಳೆ ಹೊಡೆದು ಪ್ರತಿಯೊಂದು ಸಾಮಾನು ತೂಗುಹಾಕಿ, ಅದರ ಸುತ್ತ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಕೊಡೆ ಇಲ್ಲದಾಗ ಗೋಡೆಯ ಮೇಲೆ ಕೊಡೆಯ ಆಕಾರ. ಇಕ್ಕಳ ಇಲ್ಲದಾಗ ಇಕ್ಕಳದ ಆಕಾರ. ಖಾಲಿ ಆಕಾರ ಕಂಡರೆ ವಿಚಾರಣೆ ಶುರು. "ನನ್ನನ್ನೂ ಒಂದು ಮೊಳಿಗೆ ಹಾಕಿ ಸುತ್ತ ಗೆರಿ ಎಳದುಬಿಡ್ರಿ, ಎಲ್ಲಿ ಹೋದೆ ಅಂತ ಹುಡುಕೋದು ತಪ್ತದ" ಎಂದು ಆಯಿ ಅನ್ನುತ್ತಿದ್ದಳು. ಅಪ್ಪನಿಗೆ ಅದು ಹಾಸ್ಯ ಎಂದು ತಿಳಿಯಲು ಎರಡು ದಿನ ಬೇಕಾಗುತ್ತಿತ್ತು. ನಾನು ಅಪ್ಪನ ಮಗಳು.

ಹೀಗಾಗಿ ಇಂಜಿನಿಯರಿಂಗ್ ಓದಿ, ಹುಮನಾಬಾದ್ ರಸ್ತೆಯ ಕಾರ್ಖಾನೆಗೆ ಸೇರಿದ ಮೊದಲ ವಾರವೇ ಟೂಲ್‌ರೂಮಿನ ಗೋಡೆಗೆ ಹಲಗೆ ಬಡಿಸಿ, ಸುತ್ತಿಗೆಗೊಂದು ಗೆರೆ, ನಟ್ಟು ತಿರುಗಿಸುವ ಪಾನಕ್ಕೊಂದು ಗೆರೆ ಎಳೆಸಿದೆ. ಹನ್ನೊಂದು ಜನ ಗಂಡಸರು ಕೈ ಕಟ್ಟಿ ನೋಡಿದರು. ನನ್ನನ್ನು ಏನೆಂದು ಕರೆಯಬೇಕೆಂಬುದು ಅವರಿಗೆ ದೊಡ್ಡ ತೊಡಕಾಗಿತ್ತು. ಅಕ್ಕೋರ ಎಂದರೆ ಶಾಲೆಯ ಮಾಸ್ತರತಿ ಆಗುತ್ತದೆ. ಬಾಯೇರ ಎಂದರೆ ಮನೆಯ ಯಜಮಾನತಿ ಆಗುತ್ತದೆ. ಕೊನೆಗೆ ಎಲ್ಲ ಇಂಜಿನಿಯರುಗಳಿಗೆ ಹೇಳುವುದನ್ನೇ ನನಗೂ ಹೇಳಿದರು: ಸಾಹೇಬ್ರ.

ಆ ಹನ್ನೊಂದು ಜನರಲ್ಲಿ ಹಿರಿಯರು ಶರಣಪ್ಪ ಮಿಸ್ತ್ರಿ. ಊರು ಕಮಲಾಪುರ. ಮನೆಯಲ್ಲಿ ಹೊಲವಿತ್ತು, ಕೆಂಪು ಬಾಳೆಯ ಸಣ್ಣ ತೋಟವಿತ್ತು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ನಮ್ಮ ಕಾರ್ಖಾನೆ ಬೇಳೆ ಮಿಲ್ಲುಗಳಿಗೆ ಜರಡಿಯ ತಗಡು ಮಾಡುತ್ತಿತ್ತು. ಆ ತಗಡಿಗೆ ತೂತು ಹೊಡೆಯುವ ಉಕ್ಕಿನ ಅಚ್ಚು ಇರುತ್ತದಲ್ಲ, ಅದಕ್ಕೆ ಡೈ ಎನ್ನುತ್ತಾರೆ. ಡೈ ಮಾಡುವುದು, ಸವೆದರೆ ಮಸೆಯುವುದು, ಮುರಿದರೆ ಮತ್ತೆ ಮಾಡುವುದು ಟೂಲ್‌ರೂಮಿನ ಕೆಲಸ. ಮಾಡಿಸುವುದು ನನ್ನ ಕೆಲಸ. ಮಾಡುವವರಿಗಿಂತ ಮಾಡಿಸುವವರಿಗೆ ಹೆಚ್ಚು ಗೊತ್ತು ಎಂದು ನಾನು ನಂಬಿದ್ದ ದಿನಗಳವು.

ಮೊದಲ ತಿಂಗಳಲ್ಲೇ ಮಿಸ್ತ್ರಿ ಆ ನಂಬಿಕೆಗೆ ಮೆತ್ತಗೆ ಒಂದು ಏಟು ಕೊಟ್ಟರು. ಜೋಡಿಸಿದ ಎರಡು ಉಕ್ಕಿನ ತುಂಡು ಸಮವಾಗಿವೆಯೋ ಇಲ್ಲವೋ ಎಂದು ನಾನು ಡಯಲ್ ಗೇಜ್ ಎಂಬ ಅಳತೆಯ ಗಡಿಯಾರ ಹಚ್ಚಿ ನೋಡುತ್ತಿದ್ದೆ. ಮುಳ್ಳು ಅಲ್ಲಾಡಲಿಲ್ಲ. ಬರಾಬರ್ ಇದೆ ಎಂದೆ.

"ಗಡಿಯಾರ ಆಮ್ಯಾಲ ನೋಡ್ರಿ ಸಾಹೇಬ್ರ. ಮೊದಲ ಉಗುರ ಕೇಳ್ರಿ."

ನನ್ನ ಹೆಬ್ಬೆರಳು ಹಿಡಿದು, ಉಗುರನ್ನು ಜೋಡಣೆಯ ಮೇಲೆ ನಿಧಾನ ಎಳೆಸಿದರು. ಕೂದಲಿನ ಅಂಚಿನಷ್ಟು ಒಂದು ತಡೆ. ಇತ್ತು! ಗಡಿಯಾರವನ್ನು ಮತ್ತೊಮ್ಮೆ ಸರಿಯಾಗಿ ಕೂರಿಸಿ ನೋಡಿದೆ, ಅದೂ ಒಪ್ಪಿತು. ಮಿಸ್ತ್ರಿ ನಗಲಿಲ್ಲ. "ಉಗುರಿಗೆ ಓದಾಕ ಬರಂಗಿಲ್ಲರೀ, ಅದಕ್ಕ ಸುಳ್ಳ ಹೇಳಂಗಿಲ್ಲ" ಎಂದಷ್ಟೇ ಹೇಳಿ ಬೀಡಿ ಸೇದಲು ಹೊರಗೆ ಹೋದರು. ಹತ್ತೂಕಾಲಿಗೆ ಚಹದ ವಿರಾಮ, ಆಗ ಗಂಟೆ ಹತ್ತೂ ಹನ್ನೆರಡು. ಅದನ್ನು ನಾನು ಬರೆದಿಟ್ಟುಕೊಂಡೆ. ಎಂಥ ಹೆಂಗಸು ನಾನು ನೋಡಿ.

ಈಗ ಮಿಸ್ತ್ರಿಗೆ ನಾನು ಮೆಮೊ ಕೊಟ್ಟ ದಿನ.

ಮೂವತ್ತಾರು ವರ್ಷದ ಹಿಂದೆ, ಇದೇ ದೀಪಾವಳಿಯ ಮುಂಚಿನ ವಾರ. ನಾನು ದಿನಾಲೂ ಮಧ್ಯಾಹ್ನ ಹನ್ನೆರಡೂ ಐವತ್ತಕ್ಕೆ ಸರಿಯಾಗಿ ಟೂಲ್‌ರೂಮಿನಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ನನ್ನ ಸುತ್ತು ಎಷ್ಟು ಖಚಿತವೆಂದರೆ, ಹನ್ನೊಂದು ಜನರೂ ತಮ್ಮ ಖಾನಗಿ ಕೆಲಸವನ್ನು ಹನ್ನೆರಡೂ ನಲವತ್ತೈದಕ್ಕೆ ಮುಗಿಸಿ ಖಾನೆಗೆ ಹಾಕಿಬಿಡುತ್ತಿದ್ದರಂತೆ. ಇದನ್ನು ಬಹಳ ವರ್ಷದ ಮೇಲೆ ಕೇಳಿದೆ. ನನ್ನ ಶಿಸ್ತಿನಿಂದ ಅತಿ ಹೆಚ್ಚು ಅನುಕೂಲವಾದದ್ದು ಖಾನಗಿ ಕೆಲಸಕ್ಕೆ.

ಆ ದಿನ ಮಾತ್ರ ನಾನು ಹತ್ತು ನಿಮಿಷ ಮೊದಲು ಹೋದೆ. ಬೇಕೆಂದೇ ಹೋದದ್ದಲ್ಲ. ಬೆಳಿಗ್ಗೆ ಮನೆಯ ಗೋಡೆ ಗಡಿಯಾರ ನೋಡಿ ಕೈಗಡಿಯಾರ ಸರಿಪಡಿಸಿಕೊಂಡಿದ್ದೆ. ಅಪ್ಪನನ್ನು ಹಬ್ಬದ ಸಂತೆಗೆ ಬೇಗ ಹೊರಡಿಸಲು ಆಯಿ ಆ ಗಡಿಯಾರವನ್ನು ಗುಟ್ಟಾಗಿ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದ್ದಳು. ಸಂಜೆ ಅಪ್ಪನಿಗೆ ಗೊತ್ತಾಗಿ ಮನೆಯಲ್ಲಿ ಮರಾಠಿ ಶುರುವಾಯಿತು. ಅದು ಸಂಜೆಯ ಮಾತು.

ಮಧ್ಯಾಹ್ನ ನಾನು ಒಳಗೆ ಕಾಲಿಟ್ಟಾಗ ಮಿಸ್ತ್ರಿ ತಮ್ಮ ಬೆಂಚಿಗೆ ಬಗ್ಗಿದ್ದರು. ಬೆಂಚಿನ ಇಕ್ಕಳದ ಹಿಡಿತದಲ್ಲಿ ಒಂದು ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಸೂಜಿಯಂಥ ಕಾನಸ. ಅರಕ್ಕೆ ನಮ್ಮ ಕಡೆ ಕಾನಸ ಎನ್ನುತ್ತಾರೆ. ಪಕ್ಕದಲ್ಲಿ ಮಾದರಿಗೆ ಒಂದು ಕರಿ ಬಿಲ್ಲೆ.

"ಏನಿದು ಮಿಸ್ತ್ರಿ?"

"ಚಕ್ಲಿ ಅಚ್ಚರೀ."

ಮುಚ್ಚಿಡಲಿಲ್ಲ. ಸುಳ್ಳೂ ಹೇಳಲಿಲ್ಲ.

"ಯಾರಿಗೆ?"

"ಅದ ಹೇಳಾಂಗಿಲ್ಲರೀ ಸಾಹೇಬ್ರ. ಮಾತ ಕೊಟ್ಟೀನಿ."

ಅದೇ ಕೆಟ್ಟಿತು. ತಮ್ಮ ಮನೆಗೆ ಎಂದಿದ್ದರೆ ಬಹುಶಃ ಗದರಿಸಿ ಬಿಡುತ್ತಿದ್ದೆ. ಹೊರಗಿನವರಿಗೆ ಮಾಡಿಕೊಟ್ಟು ಏನೋ ಮರೆಮಾಚುತ್ತಿದ್ದಾರೆ ಎಂದು ನನ್ನ ಲೆಕ್ಕಾಚಾರ ಓಡಿತು. ಎರಡೂ ಬಿಲ್ಲೆ ತೆಗೆದುಕೊಂಡೆ, ಲಕೋಟೆಗೆ ಹಾಕಿದೆ, ಮೇಣ ಹಚ್ಚಿದೆ. ಮೂರು ಗಂಟೆಯೊಳಗೆ ಮೆಮೊ ಅವರ ಕೈಗೆ ಸೇರಿತು. ಮರುವರ್ಷ ಫೋರ್‌ಮನ್ ಜಾಗ ಖಾಲಿಯಾಯಿತು. ಕಡತದಲ್ಲಿ ಮೆಮೊ ಇದ್ದವರ ಹೆಸರು ಕಳಿಸಕೂಡದೆಂದು ನಿಯಮವಿತ್ತು. ನಾನು ನಿಯಮ ಪಾಲಿಸಿದೆ. ಹೊರಗಿನವರೊಬ್ಬರು ಬಂದು ಫೋರ್‌ಮನ್ ಕುರ್ಚಿಯಲ್ಲಿ ಕೂತರು. ಶರಣಪ್ಪನವರು ಮಿಸ್ತ್ರಿಯಾಗಿಯೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಿದ್ದು ನಾನೇ. ಭಾಷಣ ನಾಲ್ಕು ನಿಮಿಷ ಮಾಡಿದೆ.

ಆ ದೀಪಾವಳಿಗೆ ನಮ್ಮ ಮನೆಯಲ್ಲಿ ಚಕ್ಕುಲಿ ಆಗಲಿಲ್ಲ. ನಾನು ಗಮನಿಸಿದೆನೇ? ಇಲ್ಲ. ಆಯಿ ಮಾತ್ರ ಅಲ್ಲಿಂದ ಮುಂದೆ, ಮಿಸ್ತ್ರಿ ವರ್ಷಕ್ಕೊಮ್ಮೆ ನನ್ನ ಕೈಯಲ್ಲಿ ಕೆಂಪು ಬಾಳೆಯ ಗೊನೆ ಕಳಿಸಿದಾಗಲೆಲ್ಲ ಒಂದು ಮಾತು ಅನ್ನುತ್ತಿದ್ದಳು: "ಆ ಕಮಲಾಪುರದಾಂವ ಹಣ್ಣು ಕಳಸೂದ ಮರೆಯೂದಿಲ್ಲ. ಹೇಳಿದ ಕೆಲಸ ಮರತಬಿಟ್ಟ."

ಯಾವ ಕೆಲಸ ಎಂದು ನಾನು ಕೇಳಲಿಲ್ಲ. ಮೆಮೊಗೆ ಮುಂಚೆ ಒಮ್ಮೆ ಬಾಳೆಗೊನೆ ಕೊಡಲು ಬ್ರಹ್ಮಪುರದ ಮನೆಗೆ ಬಂದಿದ್ದ ಮಿಸ್ತ್ರಿ ನಮ್ಮ ನಳ ನೋಡಿದ್ದರು. ಆ ನಳದ್ದೇ ಮಾತು ಎಂದುಕೊಂಡಿದ್ದೆ. ನಳ ಸೋರುವುದನ್ನು ನಾನೇ ರಿಪೇರಿ ಮಾಡಿಸಿ, ಆಯಿಗೆ ಹೆಮ್ಮೆಯಿಂದ ತೋರಿಸಿಯೂ ಇದ್ದೆ. ಆಯಿ ನನ್ನ ಮುಖ ನೋಡಿ ನಕ್ಕಿದ್ದಳು. ಆ ನಗುವಿಗೆ ಅರ್ಥ ಸಿಕ್ಕಿದ್ದು ಈ ಸೋಮವಾರ ಬೆಳಿಗ್ಗೆ, ಹುಣಸೆ ನೀರಿನಲ್ಲಿ. ನಳ ನೋಡಿದ ದಿನವೇ ಆಯಿ ಸವೆದ ಬಿಲ್ಲೆಯನ್ನು ಅವರ ಕೈಗಿಟ್ಟು ಅಂಥದೇ ಹೊಸದು ಕೇಳಿರಬೇಕು. ಆಯಿ ತೀರಿಕೊಂಡು ಹದಿನೆಂಟು ವರ್ಷವಾಗಿದೆ. ಮಿಸ್ತ್ರಿ ಮರೆತರು ಎಂದೇ ತಿಳಿದು ಹೋದಳು.

ಹೋದವಳಿಗೆ ಹೇಳುವಂತಿಲ್ಲ. ಇದ್ದವರಿಗೆ ಎಪ್ಪತ್ತೆಂಟು ವರ್ಷ. ತಡಮಾಡುವಂತಿರಲಿಲ್ಲ.

ಏಳೂವರೆಗೆ ಮೇಜಿನ ಮುಂದೆ ಕೂತು, ದಪ್ಪನೆಯ ಬಿಳಿ ಹಾಳೆಯಲ್ಲಿ, ಸುತ್ತಲೂ ಅಂಚು ಬಿಟ್ಟು, ಸಂಖ್ಯೆ, ವಿಷಯ, ಉಲ್ಲೇಖ ಹಾಕಿ ಬರೆದೆ: ಶ್ರೀ ಶರಣಪ್ಪ ಮಿಸ್ತ್ರಿ ಅವರಿಗೆ ನೀಡಲಾಗಿದ್ದ ಮೆಮೊ ತಪ್ಪು ತಿಳಿವಳಿಕೆಯಿಂದ ನೀಡಿದ್ದಾಗಿದ್ದು, ಅದನ್ನು ಈ ಮೂಲಕ ಹಿಂಪಡೆಯಲಾಗಿದೆ.

ನಮ್ಮವರು ಹೆಗಲ ಮೇಲಿಂದ ಇಣುಕಿದರು. "ಆ ಕಂಪನಿ ಮುಚ್ಚಿ ಎಷ್ಟ ದಿನ ಆತು. ಇಲ್ಲದ ಕಂಪನಿ ಪರವಾಗಿ ಮೆಮೊ ವಾಪಸ್ ತಗೋತೀ?"

"ಕೊಟ್ಟಾಕಿ ನಾ ಇದ್ದೀನಲ್ಲ" ಎಂದೆ.

ಅವರು ಬಟ್ಟೆ ತಗೊಂಡರು. ಒಲೆಯ ಮೇಲಿನ ಹಾಲಿನ ಕಲೆ ಒರೆಸತೊಡಗಿದರು.

ಜಗತ್ ವೃತ್ತ ದಾಟಲು ಆಟೊಗೆ ಹದಿನೈದು ನಿಮಿಷ ಬೇಕಾಯಿತು. ಒಂಬತ್ತೂಕಾಲರ ಬಸ್ಸು ಒಂಬತ್ತೂ ಇಪ್ಪತ್ತೇಳಕ್ಕೆ ಹೊರಟಿತು. ಹುಮನಾಬಾದ್ ರಸ್ತೆಯಲ್ಲಿ ನಮ್ಮ ಕಾರ್ಖಾನೆಯಿದ್ದ ಜಾಗ ಎಡಕ್ಕೆ ಬಂತು. ಈಗ ಅಲ್ಲಿ ಟೈಲ್ಸಿನ ಗೋದಾಮು. ಎರಡೂ ಬದಿಗೆ ತೊಗರಿ ಹೂ ಬಿಡುವ ಹೊತ್ತು. ಮಿಸ್ತ್ರಿ ಈ ದಾರಿಯನ್ನು ದಿನಕ್ಕೆರಡು ಸಲ ಸವೆಸಿದ್ದರು, ನಾನು ಒಮ್ಮೆಯೂ ಅವರ ಮನೆಗೆ ಹೋಗಿರಲಿಲ್ಲ ಎಂಬುದು ಬಸ್ಸಿನಲ್ಲಿ ಕೂತಾಗ ಹೊಳೆಯಿತು.

ಕಮಲಾಪುರದಲ್ಲಿ ಇಳಿದು ಕೇಳಿದರೆ ಮೂರನೆಯ ಅಂಗಡಿಯವನೇ ಮನೆ ತೋರಿಸಿದ. ಬಾಗಿಲಲ್ಲಿ ಹೆಂಗಸೊಬ್ಬರು ಜೋಳ ಹಸನು ಮಾಡುತ್ತಿದ್ದರು.

"ಶರಣಪ್ಪ ಮಿಸ್ತ್ರಿ ಅವರ ಮನಿ ಇದ ಏನ್ರೀ? ನಾ ಕಲಬುರಗಿಯಿಂದ ಬಂದೀನಿ. ಅವರ ಜೊತಿ ಫ್ಯಾಕ್ಟರಿಯೊಳಗ..."

ಅವರು ಮೊರ ಕೆಳಗಿಟ್ಟು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮಿಸ್ತ್ರಿಯವರ ಹೆಂಡತಿ, ನೀಲಮ್ಮ.

"ಮೆಮೊ ಬಾಯೇರೇನ್ರೀ ನೀವು?"

ಮೂವತ್ತಾರು ವರ್ಷದಿಂದ ಒಂದು ಮನೆಯಲ್ಲಿ ನನ್ನ ಹೆಸರು ಅದಾಗಿತ್ತು. ಹೌದೆಂದೆ.

"ಬರ್ರಿ. ಒಳಗ ಬರ್ರಿ. ನಿಮ್ಮನ್ನ ಒಮ್ಮೆ ನೋಡಬೇಕಂತ ಭಾಳ ಇತ್ತರೀ ನನಗ. ಬೈಯಾಕ."

"ಬೈರಿ" ಎಂದೆ. "ಅದಕ್ಕ ಬಂದೀನಿ."

"ಈಗ ಹೆಂಗ ಬೈಲೀ? ಮನಿಗೆ ಬಂದೀರಿ" ಎಂದು ನೀರು ತರಲು ಹೋದರು. ಹೋಗುತ್ತ ಗೋಡೆಗೆ ಹೇಳಿದಂತೆ ಹೇಳಿದರು: "ಆ ವರ್ಷ ಹಬ್ಬದ ದಿನ ಇಂವ ಉಣ್ಣಲಿಲ್ಲರೀ. ಯಾಕಂದ್ರ ಹೇಳಲಿಲ್ಲ. ಯಾರ ಸಲುವಾಗಿ ಮಾಡಿದೀ ಅಂತ ನಾ ಎಷ್ಟ ಕೇಳೀನಿ. ನನಗೂ ಹೇಳಲಿಲ್ಲ, ಮನಷ್ಯಾ."

ಮಿಸ್ತ್ರಿ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಸೊರಗಿದ್ದರು. ನನ್ನ ದನಿ ಕೇಳಿ ಎದ್ದು ನಿಂತರು. ಎದ್ದು ನಿಂತ ರೀತಿ ಬೆಂಚಿನ ಮುಂದೆ ನಿಲ್ಲುತ್ತಿದ್ದಂತೆಯೇ ಇತ್ತು.

"ಸಾಹೇಬ್ರ! ಈಟ ದೂರ ಯಾಕ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರತಿದ್ನೆಲ್ರೀ."

ನಾನು ನಿಂತುಕೊಂಡೇ ಹಾಳೆ ಓದಿದೆ. ಸಂಖ್ಯೆಯಿಂದ ಸಹಿಯವರೆಗೆ.   ಓದಿ ಅವರ ಕೈಗಿಟ್ಟು, ಎರಡೂ ಬಿಲ್ಲೆ ಕಟ್ಟೆಯ ಮೇಲಿಟ್ಟೆ. ಹಳೆಯದನ್ನು ಬೋರಲು, ಹೆಸರು ಮೇಲಾಗಿ.

ಅವರು ಹಾಳೆಯನ್ನು ನೋಡಲಿಲ್ಲ. ಹೆಸರನ್ನೂ ನೋಡಲಿಲ್ಲ. ಹೊಸ ಬಿಲ್ಲೆಯನ್ನು ಎತ್ತಿಕೊಂಡರು.

"ಒಂದು ಮುಳ್ಳು ಉಳದದ" ಎಂದರು.

"ಏನು?"

"ಒಂಬತ್ತ ಮುಳ್ಳಿನ ಅಚ್ಚ ಅಲ್ಲೇನ್ರೀ ಇದು? ಎಂಟ ಆಗಿದ್ವು. ಒಂಬತ್ತನೇದು ಗೆರಿ ಎಳದಿಟ್ಟಿದ್ದೆ. ಕಾನಸ ಹಚ್ಚೂದ್ರಾಗ ನೀವು ಬಂದ್ರಿ. ಹತ್ತ ನಿಮಿಷ ಮೊದಲ ಬಂದ್ರಿ ಅವತ್ತ."

ಬೆಳಕಿಗೆ ಹಿಡಿದು ನೋಡಿದೆ. ನಿಜ. ನಕ್ಷತ್ರದ ಎಂಟು ಮೊನೆ ಚೂಪಾಗಿದ್ದವು. ಒಂಬತ್ತನೆಯ ಜಾಗದಲ್ಲಿ ಕೂದಲಿನಂಥ ಎರಡು ಗೆರೆ ಮಾತ್ರ. ಆ ಬಿಲ್ಲೆಯನ್ನು ಭಾನುವಾರದಿಂದ ಹತ್ತು ಸಲ ನೋಡಿದ್ದೆ, ಎಣಿಸಿರಲಿಲ್ಲ.

"ಮೆಮೊ ಕೊಟ್ರಿ, ಅದ ಖರೇ ಇತ್ತರೀ" ಎಂದರು ಮಿಸ್ತ್ರಿ. "ಖಾನಗಿ ಮಾಡಾಕತ್ತಿದ್ದೆ, ಹಿಡದ್ರಿ. ನಿಮ್ಮ ಕೆಲಸ ನೀವು ಮಾಡಿದ್ರಿ. ಫೋರ್‌ಮನ್ ಆಗಲಿಲ್ಲಂತ ಒಂದೆರಡ ವರ್ಷ ಹೊಟ್ಟಿ ಉರೀತು. ಇಲ್ಲ ಅನ್ನಂಗಿಲ್ಲ. ಆಮ್ಯಾಲ ಹೋತು. ಆದ್ರ ಈ ಅಚ್ಚ... ನನ್ನ ಕೈಯಾಗಿನ ಕೆಲಸ ಎಲ್ಲಾ ಟ್ರಾಯಲ್ ಆಗೇ ಹೊರಗ ಹೋಗ್ಯಾವರೀ. ಇದೊಂದ ಉಳೀತು. ಒತ್ತಿದ್ರ ಹೆಂಗ ಬೀಳತಿತ್ತಂತ ನೋಡಲಿಲ್ಲ."

ನೀಲಮ್ಮ ಒಳಗಿನಿಂದ ಕಾನಸಗಳ ಬಟ್ಟೆ ಸುರುಳಿ ತಂದು ಕಟ್ಟೆಯ ಮೇಲೆ ಬಿಚ್ಚಿದರು. ಎಣ್ಣೆ ಹಚ್ಚಿ ಇಟ್ಟಿದ್ದ ಆರು ಕಾನಸ, ದೊಡ್ಡದರಿಂದ ಸಣ್ಣದಕ್ಕೆ. ಮಿಸ್ತ್ರಿ ಅತಿ ಸಣ್ಣದನ್ನು ತೆಗೆದು ನನ್ನ ಕಡೆ ಚಾಚಿದರು.

"ನಾನೇ?"

"ಸಕ್ಕರಿ ರೋಗರೀ. ಹೆಬ್ಬೆರಳ ಸತ್ತಂಗ ಆಗ್ಯಾವ. ಬಿಸಿ ತಿಳಿಯಂಗಿಲ್ಲ, ತಣ್ಣಗ ತಿಳಿಯಂಗಿಲ್ಲ. ಕಣ್ಣೂ ಮಂಜ. ನೀವು ಮಾಡ್ರಿ, ನಾ ಕೇಳ್ತೀನಿ."

ಮೂವತ್ತೆರಡು ವರ್ಷ ಹನ್ನೊಂದು ಜನರ ಕೈಗಳ ಮೇಲೆ ಕಣ್ಣಿಟ್ಟವಳು ನಾನು. ನನ್ನ ಕೈಯಲ್ಲಿ ಕಾನಸ ಹಿಡಿದು ಒಂದು ಚಮಚೆ ಲೋಹದ ಪುಡಿ ಉದುರಿಸಿದವಳಲ್ಲ. ಕಟ್ಟೆಯ ಅಂಚಿಗೆ ಬಿಲ್ಲೆ ಒತ್ತಿ ಹಿಡಿದು ಶುರು ಮಾಡಿದೆ. ಕೀಚ್ ಎಂದು ಒದರಿತು.

"ತಡೀರಿ, ತಡೀರಿ. ಹೋಗೋ ಮುಂದ ಒತ್ರಿ. ಬರೋ ಮುಂದ ಎತ್ರಿ. ಎರಡೂ ಕಡೆ ತಿಕ್ಕಿದ್ರ ಕಾನಸ ಅಳ್ತದ."

ಒತ್ತಿದೆ, ಎತ್ತಿದೆ. ಒತ್ತಿದೆ, ಎತ್ತಿದೆ. ಮಿಸ್ತ್ರಿ ಕಣ್ಣು ಮುಚ್ಚಿ, ಕಿವಿ ಇತ್ತ ಇಟ್ಟು ಕೂತಿದ್ದರು. "ಎಡಕ್ಕ ಜಾಸ್ತಿ ಹೋಗಾಕತ್ತದ" ಎಂದರು. ನೋಡಿದರೆ ಹೌದು. "ಹಾಂ, ಈಗ ಬರಾಬರ್." ನಡುವೆ ನೀಲಮ್ಮ ಬಂದು ನೋಡಿ, "ಮೆಮೊ ಕೊಟ್ಟ ಕೈಗೆ ಬೊಬ್ಬಿ ಏಳಾಕತ್ತದ ನೋಡ್ರಿ" ಎಂದು ನಕ್ಕು ಹೋದರು. ಅದು ಬೈಗುಳವಾಗಿತ್ತು. ತಗೊಂಡೆ.

ಒಂದು ಗಂಟೆ ಐದು ನಿಮಿಷ ಹಿಡಿಯಿತು. ಅವರಾಗಿದ್ದರೆ ಹತ್ತು ನಿಮಿಷ.

"ಸಾಕು" ಎಂದೆ.

"ಉಗುರ ಏನಂತದ?"

ಉಗುರು ಎಳೆದೆ. ಒಂದು ಕಡೆ ಕೂದಲಿನ ಅಂಚಿನಷ್ಟು ತಡೆ.

"ಇನ್ನೂ ಸ್ವಲ್ಪ ಅದ ಅಂತದ."

"ಹಂಗಾದ್ರ ಸಾಕಾಗಿಲ್ಲ" ಎಂದರು ಮಿಸ್ತ್ರಿ. ಕಣ್ಣು ತೆರೆಯಲಿಲ್ಲ, ಆದರೆ ಮುಖ ಅರಳಿತು. ಇನ್ನು ನಾಲ್ಕು ಸಲ ಒತ್ತಿ ಎತ್ತಿದೆ. ತಡೆ ಹೋಯಿತು.

ಹಬ್ಬಕ್ಕೆಂದು ನೀಲಮ್ಮ ಚಕ್ಕುಲಿಯ ಹಿಟ್ಟು ಬೀಸಿಟ್ಟಿದ್ದರು. ನಾದಿದರು. ಬಿಲ್ಲೆಯನ್ನು ತೊಳೆದು ಅವರ ಒರಳಿಗೆ ಹಾಕಿದರೆ ಗಡಗಡ ಅಲ್ಲಾಡಿತು. ಅದು ನಮ್ಮ ಆಯಿಯ ಒರಳಿನ ಅಳತೆಗೆ ಮಾಡಿದ್ದು, ಇವರ ಒರಳು ತುಸು ದೊಡ್ಡದು.

"ಪ್ಯಾಕಿಂಗ್ ಕೊಡಬೇಕರೀ" ಎಂದರು ಮಿಸ್ತ್ರಿ. ಸಡಿಲವಾದ ಅಚ್ಚಿನ ಬದಿಗೆ ಕಾಗದದ ಪಟ್ಟಿ ಸುತ್ತಿ ಬಿಗಿ ಮಾಡುವುದು ಟೂಲ್‌ರೂಮಿನ ಹಳೆಯ ಉಪಾಯ. ಅಂಗಿಯ ಕಿಸೆಯಿಂದ ನಾನು ಕೊಟ್ಟ ಹಾಳೆ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿದರು. "ಚಲೋ ದಪ್ಪ ಅದ."

ನಾನು ಬಾಯಿ ತೆರೆಯುವುದರೊಳಗೆ ಹಾಳೆಯ ಖಾಲಿ ಅಂಚನ್ನು ಮೇಲಿನಿಂದ ಕೆಳಗೆ ಹರಿದುಬಿಟ್ಟರು. ಅಕ್ಷರಕ್ಕೆ ತಾಗದಂತೆ, ಗೆರೆ ಹಿಡಿದಂತೆ ನೆಟ್ಟಗೆ. ಉಳಿದದ್ದನ್ನು ಮಡಿಚಿ ಕಿಸೆಗೆ ಇಟ್ಟುಕೊಂಡರು. ಅಂಚಿನ ಪಟ್ಟಿಯನ್ನು ಬಿಲ್ಲೆಯ ಸುತ್ತ ಸುತ್ತಿ ಒರಳಿಗೆ ಕೂರಿಸಿದರು. ಅಲ್ಲಾಡಲಿಲ್ಲ. ಅಷ್ಟು ಅಂಚು ಬಿಟ್ಟು ಬರೆಯುವ ಅಭ್ಯಾಸ ಅಪ್ಪನಿಂದ ಬಂದದ್ದು. ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ಅವರು ಹೇಳುತ್ತಲೇ ಇದ್ದರು.

ನೀಲಮ್ಮ ಒತ್ತಿದರು. ಹಿಟ್ಟು ಇಳಿಯಿತು. ಬಾಳೆ ಎಲೆಯ ಮೇಲೆ ಸುತ್ತು ಸುತ್ತಾಗಿ, ಮುಳ್ಳು ಮುಳ್ಳಾಗಿ. ಎಣ್ಣೆಗೆ ಬಿಟ್ಟಾಗಲೂ ಮುಳ್ಳು ಮಲಗಲಿಲ್ಲ.

ಮೊದಲ ಚಕ್ಕುಲಿ ಮಿಸ್ತ್ರಿಯ ಕೈಗೆ. ಕಣ್ಣಿನ ಹತ್ತಿರ ತಂದರು, ಕಾಣಲಿಲ್ಲ. ಹೆಬ್ಬೆರಳು ಆಡಿಸಿದರು, ತಿಳಿಯಲಿಲ್ಲ. ಆಮೇಲೆ ಒಂದು ತುಂಡು ಮುರಿದು, ಮುರಿದ ತುದಿಯನ್ನು ನಾಲಿಗೆಯ ಮೇಲಿಟ್ಟು, ನಿಧಾನ ತಿರುಗಿಸಿದರು. ಕಣ್ಣು ಮುಚ್ಚಿತ್ತು. ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು. ನೀಲಮ್ಮ ಜಾಲರಿ ಹಿಡಿದು ನಿಂತೇ ಇದ್ದರು.

ಒಂದು ಕೈಯ ಐದೂ ಬೆರಳು ಮಡಿಚಿದವು. ಇನ್ನೊಂದು ಕೈಯಲ್ಲಿ ನಾಲ್ಕು.

"ಒಂಬತ್ತ" ಎಂದರು. ಆಮೇಲೆ ಕಚ್ಚಿ ತಿಂದರು.

ನೀಲಮ್ಮನವರ ರೊಟ್ಟಿ, ಪುಂಡಿಪಲ್ಯ, ಮತ್ತು ಹನ್ನೆರಡು ಚಕ್ಕುಲಿ ನಡುವೆ ಊಟವಾಯಿತು. ಊಟದ ಮೇಲೆ ಚೀಲದಿಂದ ಒಂದು ಜಾಬ್ ಕಾರ್ಡ್ ತೆಗೆದೆ. ನಮ್ಮ ಟೂಲ್‌ರೂಮಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಕಾರ್ಡ್ ಇರಬೇಕು. ಕಾರ್ಡ್ ಇಲ್ಲದ ಕೆಲಸ ಕೆಲಸವೇ ಅಲ್ಲ. ಇದಕ್ಕೆ ಕಾರ್ಡ್ ಇರಲಿಲ್ಲ, ಅದೇ ಅದರ ತಪ್ಪಾಗಿತ್ತು. ಕೆಲಸ: ಚಕ್ಕುಲಿ ಅಚ್ಚು, ಹಿತ್ತಾಳೆ, ನಗ ಒಂದು. ಮಾಡಿದವರು: ಶರಣಪ್ಪ ಮಿಸ್ತ್ರಿ, ಎಂಟು ಮುಳ್ಳು. ಸಹಾಯಕರು: ಸುಧಾ, ಒಂದು ಮುಳ್ಳು. ಟ್ರಾಯಲ್: ಆಗಿದೆ, ಸರಿ ಇದೆ. ಮಿಸ್ತ್ರಿ ಕೊನೆಗೆ ಸಹಿ ಮಾಡಿದರು.

ಒಂದು ಖಾನೆ ಉಳಿಯಿತು. ಯಾರಿಗಾಗಿ.

"ಹೇಳ್ರಿ ಮಿಸ್ತ್ರಿ, ಯಾರಿಗೆ?" ಎಂದೆ.

ಅವರು ಬೋರಲು ಬಿದ್ದ ಹಳೆಯ ಬಿಲ್ಲೆಯ ಕಡೆ ಒಮ್ಮೆ ನೋಡಿದರು. ಮಂಜು ಕಣ್ಣಿಗೆ ಆ ಚುಕ್ಕೆಗಳು ಕಾಣುವಂತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

"ಅದ ಹೇಳಾಂಗಿಲ್ಲರೀ ಸಾಹೇಬ್ರ" ಎಂದರು. "ಮಾತ ಕೊಟ್ಟೀನಿ. 'ನಮ್ಮ ಹುಡುಗಿಗೆ ಹೇಳಬ್ಯಾಡಪಾ, ಆಕಿ ಕಾನೂನು ತಗೀತಾಳ' ಅಂದಿದ್ರು. ಅವರು ಇಲ್ಲಂತ ಮಾತ ಮುರಿಲೇನ್ರೀ?"

ನೀಲಮ್ಮ ಒಲೆಯ ಮುಂದಿನಿಂದ ನನ್ನನ್ನು ನೋಡಿದರು, ಬಿಲ್ಲೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಸೆರಗಿನ ತುದಿ ಬಾಯಿಗೆ ಹೋಯಿತು. "ಅಯ್ಯ ನಮ್ಮವ್ವಾ" ಎಂದರು, ಅಷ್ಟೇ. ಬರುವಾಗ ಎರಡೂ ಬಿಲ್ಲೆಯ ಜೊತೆ ಒಂದು ಡಬ್ಬಿ ಚಕ್ಕುಲಿ, ಒಂದು ಚಿಪ್ಪು ಕೆಂಪು ಬಾಳೆ ಕಟ್ಟಿಕೊಟ್ಟರು. ಬಸ್ಸಿನವರೆಗೆ ಬಂದು, "ದೀಪಾವಳಿ ಆದ ಮ್ಯಾಲ ಬರ್ರಿ ಅಕ್ಕಾರ. ಬೈಯೂದು ಹಂಗ ಉಳದದ" ಎಂದರು.

ಸಂಜೆ ಐದಕ್ಕೆ ಮನೆ ಮುಟ್ಟಿದೆ. ನಮ್ಮವರು ಎರಡು ಚಕ್ಕುಲಿ ತಿಂದು ಮೂರನೆಯದಕ್ಕೆ ಕೈ ಹಾಕುತ್ತ, "ಮುಳ್ಳು ಛಂದ ಬಂದಾವ" ಎಂದರು. ಐದೂವರೆಗೆ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಎರಡೂ ಬಿಲ್ಲೆ ತೂಗುಹಾಕಿದೆ. ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದೆ. 'ಇತರೆ' ಡಬ್ಬಿಯ ಚೀಟಿ ಕಿತ್ತು ರದ್ದಿಗೆ ಹಾಕಿದೆ.

ಆಮೇಲೆ ಜಾಬ್ ಕಾರ್ಡ್ ಮುಂದಿಟ್ಟುಕೊಂಡು ಖಾಲಿ ಖಾನೆ ತುಂಬಿದೆ. ಗೆರೆ ಎಳೆದು ಬರೆಯಲಿಲ್ಲ. ಪೆನ್ನಿನ ಮೊನೆ ಒತ್ತಿ, ಎತ್ತಿ, ಒತ್ತಿ, ಎತ್ತಿ, ಒಂದೊಂದೇ ಚುಕ್ಕೆ ಇಟ್ಟೆ. ಸೌ. ಇಂದಿರಾ. ಕೆಲಸ ಮುಗಿದ ವೇಳೆ: ಆರು ಗಂಟೆ ಐದು ನಿಮಿಷ.